ರೋಗದ ಸುದ್ದಿ ಯಾರ ಮನೆಗೆ ಹೋಗಬೇಕು?

(ಮರ್ಕಂಜದಲ್ಲಿ ನಡೆದ ಶರಣ ಚಿಂತನ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಕರಾವಳಿಯ ಈ ಮೂಲೆಯಲ್ಲಿ ಲಿಂಗಾಯತರ ಮನೆಗಳು ಕಡಿಮೆ. ಆದರೂ ಸುಳ್ಯ ಸೀಮೆಗೂ ನಮಗೂ ಹಳೆಯ ನಂಟು ಇದೆ. 1837ರಲ್ಲಿ ಶನಿವಾರಸಂತೆ ಕಡೆಯ ಪುಟ್ಟಬಸಪ್ಪನವರು ಕಲ್ಯಾಣಸ್ವಾಮಿ ಎಂಬ ಜಂಗಮನ ಹೆಸರು ಹೊತ್ತು, ಕೆದಂಬಾಡಿ ರಾಮಯ್ಯ ಗೌಡರ ಜೊತೆಗೂಡಿ ಇದೇ ನೆಲದಿಂದ ಮಂಗಳೂರಿಗೆ ದಂಡು ನಡೆಸಿದರು. ಕುಂಪಣಿ ಸರಕಾರಕ್ಕೆ ನಿಜವಾದ ಹೆಸರು ಯಾವುದು, ಹೊತ್ತ ಹೆಸರು ಯಾವುದು ಎಂದು ಪತ್ತೆ ಮಾಡುವುದೇ ಒಂದು ಕೆಲಸವಾಗಿರಬೇಕು. ಇಂದಿನ ನನ್ನ ವಿಷಯವೂ ಹೆಸರಿನದೇ, ಆದ್ದರಿಂದ ನೆನಪಾಯಿತು.

ಸಂಘಟಕರು ಕೊಟ್ಟ ವಿಷಯದ ಶೀರ್ಷಿಕೆ ಉದ್ದವಾಗಿದೆ: ಸಾರ್ವಜನಿಕ ಆರೋಗ್ಯದ ತುರ್ತು ಪರಿಸ್ಥಿತಿಯಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆ. ಸರಕಾರಿ ಕಚೇರಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಇಂಥ ಉದ್ದ ಹೆಸರಿನ ಕಡತಗಳನ್ನೇ ತಿರುವಿದವನು ನಾನು. ನೇರವಾಗಿ ಹೇಳುವುದಾದರೆ ಪ್ರಶ್ನೆ ಇಷ್ಟು: ಊರಿಗೆ ಸಾಂಕ್ರಾಮಿಕ ರೋಗ ಬಂದಾಗ, ಯಾರಿಗೆ ಬಂದಿದೆ ಎಂಬ ಸುದ್ದಿ ಯಾರ ಯಾರ ಮನೆಗೆ ಹೋಗಬೇಕು, ಯಾರ ಮನೆಗೆ ಹೋಗಬಾರದು?

2020ರ ಮಾರ್ಚಿನಿಂದ ಪ್ರತಿದಿನ ಆರೋಗ್ಯ ಇಲಾಖೆಯ ಬುಲೆಟಿನ್ ಬರುತ್ತಿದ್ದುದು ನಿಮಗೆಲ್ಲ ನೆನಪಿರಬಹುದು. ಅದರಲ್ಲಿ ರೋಗಿಯ ಹೆಸರು ಇರಲಿಲ್ಲ. ಪಿ-1, ಪಿ-2 ಎಂದು ನಂಬರು. ಮುಂದೆ ವಯಸ್ಸು, ಗಂಡೋ ಹೆಣ್ಣೋ, ಯಾವ ಜಿಲ್ಲೆ ಅಥವಾ ಊರು, ಎಲ್ಲಿಂದ ಪ್ರಯಾಣ ಮಾಡಿ ಬಂದವರು, ಯಾವ ನಂಬರಿನವರ ಸಂಪರ್ಕಕ್ಕೆ ಬಂದವರು. ಹೆಸರಿಲ್ಲವಲ್ಲ, ಇನ್ನೇನು ತೊಂದರೆ ಎಂದು ಬೆಂಗಳೂರಿನಲ್ಲಿ ಕುಳಿತವರಿಗೆ ಅನಿಸಿರಬಹುದು. ಬೆಂಗಳೂರಿನಂಥ ಊರಿನಲ್ಲಿ ಆ ಮಾತು ಅರ್ಧದಷ್ಟಾದರೂ ನಿಜ. ನಮ್ಮಂಥ ಊರಿನ ಲೆಕ್ಕ ಬೇರೆ. ನಾನು ಎಂಜಿನಿಯರ್, ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಗ್ರಾಮದಲ್ಲಿ ಮೂರು ಸಾವಿರ ಜನ ಇದ್ದಾರೆ ಎಂದಿಟ್ಟುಕೊಳ್ಳಿ. ವಯಸ್ಸು ನಲವತ್ತೆರಡು ಎಂದರೆ ನಲವತ್ತು ಐವತ್ತು ಜನ ಉಳಿಯುತ್ತಾರೆ. ಗಂಡಸು ಎಂದರೆ ಇಪ್ಪತ್ತೈದು. ಕಳೆದ ವಾರ ದುಬೈಯಿಂದ ಬಂದವರು ಎಂದರೆ ಒಬ್ಬರೇ. ಬುಲೆಟಿನ್ ಓದಿದವರು ಕಾಫಿ ಕುಡಿದು ಮುಗಿಸುವುದರೊಳಗೆ ಹೆಸರು, ಮನೆಯ ಹೆಸರು, ಹೆಂಡತಿಯ ತವರು ಎಲ್ಲವೂ ವಾಟ್ಸಾಪಿನಲ್ಲಿ ಬಂದಾಗಿರುತ್ತದೆ. ಸಣ್ಣ ಊರಿನಲ್ಲಿ ಹೆಸರನ್ನು ಅಳಿಸಿದ ಮಾತ್ರಕ್ಕೆ ಮನುಷ್ಯನ ಗುರುತು ಅಳಿಯುವುದಿಲ್ಲ. ಈ ವಿಷಯದ ಬಗ್ಗೆ ದೊಡ್ಡ ದೊಡ್ಡ ಪುಸ್ತಕಗಳಿವೆ, ಆದರೆ ಇದು ನಮ್ಮ ಅಂಗಡಿ ಜಗಲಿಯಲ್ಲಿ ಕುಳಿತವರಿಗೆಲ್ಲ ಗೊತ್ತಿರುವ ಸಂಗತಿ.

ಕೆಲವರು ಕೇಳುತ್ತಾರೆ, ಗೊತ್ತಾದರೆ ಏನಾಯಿತು, ಹುಷಾರಾಗಿ ಇರಬಹುದಲ್ಲ ಎಂದು. ಇಲ್ಲಿನ ಕೃಷಿಕರಿಗೆ ಅರ್ಥವಾಗುವ ಒಂದು ಹೋಲಿಕೆ ಕೊಡುತ್ತೇನೆ. ಸಂಪಾಜೆ, ಅರಂತೋಡು, ಮರ್ಕಂಜದ ಕಡೆ ಅಡಿಕೆಗೆ ಹಳದಿ ಎಲೆ ರೋಗ ಬಂದಿದೆ. ಯಾವ ಸರ್ವೆ ನಂಬರಿನ ತೋಟದಲ್ಲಿ ಎಷ್ಟು ಮರ ಹಳದಿಯಾಗಿದೆ ಎಂದು ಪಟ್ಟಿ ಮಾಡಿ ಪಂಚಾಯತಿನ ಗೋಡೆಗೆ ಅಂಟಿಸಿದರೂ ಅಡಿಕೆ ಮರ ನಾಚಿಕೊಳ್ಳುವುದಿಲ್ಲ. ಅದನ್ನು ಯಾರೂ ಅಂಗಡಿಯಿಂದ ಹೊರಗೆ ಕಳಿಸುವುದಿಲ್ಲ. ಪಕ್ಕದ ಮರ ಹೆದರಿ ತನ್ನ ಎಲೆ ಹಳದಿಯಾದುದನ್ನು ಮುಚ್ಚಿಡುವುದೂ ಇಲ್ಲ. ಮನುಷ್ಯ ಮುಚ್ಚಿಡುತ್ತಾನೆ. ಸಾಂಕ್ರಾಮಿಕ ರೋಗದ ನಿಯಂತ್ರಣದಲ್ಲಿ ಅತಿ ದೊಡ್ಡ ತೊಡಕು ಇದೇ. ಜ್ವರ ಬಂದವನು ತಾನಾಗಿ ಬಂದು ಹೇಳಿದರೆ ಮಾತ್ರ ವೈದ್ಯರು ಮುಂದಿನ ಹೆಜ್ಜೆ ಇಡಬಹುದು. ಹೇಳಿದರೆ ಊರೇ ತಿರುಗಿ ನೋಡುತ್ತದೆ ಎಂದು ಗೊತ್ತಿರುವವನು ಮೂರು ದಿನ ಕಷಾಯ ಕುಡಿದು ಒಳಗೆ ಮಲಗುತ್ತಾನೆ. ಆ ಮೂರು ದಿನದಲ್ಲಿ ಮನೆಯ ಅಜ್ಜಿಗೂ ಕೆಲಸಕ್ಕೆ ಬರುವವರಿಗೂ ರೋಗ ಹರಡಿರುತ್ತದೆ.

ಈಗ ನಮ್ಮ ರಾಜ್ಯದಲ್ಲಿ ಏನಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಏಕೆಂದರೆ ಕೊರೋನ ಮುಗಿಯಿತು ಎಂದು ನಾವೆಲ್ಲ ಬೇಗ ಮರೆತೆವು.

2020ರ ಮಾರ್ಚ್ ಕೊನೆಯ ವಾರದಲ್ಲಿ, ವಿದೇಶದಿಂದ ಬಂದು ಮನೆಯಲ್ಲಿ ಕ್ವಾರಂಟೈನಿನಲ್ಲಿದ್ದ ಸಾವಿರಾರು ಜನರ ಮನೆ ವಿಳಾಸಗಳ ಪಟ್ಟಿಯನ್ನು ಕರ್ನಾಟಕ ಸರಕಾರವೇ ತನ್ನ ಜಾಲತಾಣದಲ್ಲಿ ಪ್ರಕಟಿಸಿತು. ಇವರು ರೋಗಿಗಳಲ್ಲ. ವಿಮಾನದಲ್ಲಿ ಬಂದವರು, ಅಷ್ಟೆ. ಯಾರಾದರೂ ಮನೆಯಿಂದ ಹೊರಗೆ ಬಂದರೆ ನೆರೆಹೊರೆಯವರು ತಿಳಿಸಲಿ ಎಂಬುದು ಉದ್ದೇಶ. ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಜಾಲತಾಣದಿಂದ ಆಮೇಲೆ ತೆಗೆದರೂ, ಜನರ ಮೊಬೈಲಿನೊಳಗೆ ಹೋದ ಪಟ್ಟಿಯನ್ನು ತೆಗೆಯುವವರು ಯಾರು?

ಅದರ ಜೊತೆಗೆ ಕೈ ಮೇಲೆ ಮುದ್ರೆ. ಮತದಾನದ ದಿನ ನಮ್ಮ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ನಮ್ಮ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಇದು ನಮಗೆಲ್ಲ ಹೆಮ್ಮೆಯ ವಿಷಯ. ಅಂಥ ಶಾಯಿಯನ್ನು ಕ್ವಾರಂಟೈನಿನವರ ಕೈಗೆ ಹಚ್ಚಲು ಆಗ ಚುನಾವಣಾ ಆಯೋಗ ಅನುಮತಿ ಕೊಟ್ಟಿತು. ಮನೆಯ ಬಾಗಿಲಿಗೆ ಚೀಟಿ. ಆಮೇಲೆ ಆ್ಯಪ್. ಮಾರ್ಚ್ 30ರಂದು ಸರಕಾರ ಒಂದು ಆದೇಶ ಹೊರಡಿಸಿತು: ಕ್ವಾರಂಟೈನಿನಲ್ಲಿರುವವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ತಮ್ಮ ಸೆಲ್ಫಿ ತೆಗೆದು ಕಳಿಸಬೇಕು. ಫೋಟೋದ ಜೊತೆ ಜಿಪಿಎಸ್ ಸ್ಥಾನವೂ ಹೋಗುತ್ತದೆ. ತಪ್ಪಿದರೆ ಸಾಮೂಹಿಕ ಕ್ವಾರಂಟೈನಿಗೆ ಒಯ್ಯುತ್ತಾರೆ. ನಮ್ಮ ಸುಳ್ಯದ ಗುಡ್ಡಗಳಲ್ಲಿ ಗಂಟೆಗೊಮ್ಮೆ ಫೋಟೋ ಕಳಿಸುವುದು ಎಂದರೇನು ಎಂದು ನಿಮಗೆ ಗೊತ್ತು. ಸಿಗ್ನಲ್ ಹುಡುಕಿಕೊಂಡು ರಸ್ತೆಗೆ ಬರಬೇಕು. ಮನೆಯಲ್ಲೇ ಇದ್ದೇನೆ ಎಂದು ತೋರಿಸಲು ಮನೆಯಿಂದ ಹೊರಗೆ ಬರಬೇಕಾದ ವ್ಯವಸ್ಥೆ ಅದು! ನಗಬೇಡಿ, ಪಾಪ, ಅದನ್ನು ರೂಪಿಸಿದವರು ವಿದ್ಯಾವಂತರೇ. ಅವರ ಮೇಜಿನ ಮೇಲೆ ಸಿಗ್ನಲ್ ಚೆನ್ನಾಗಿತ್ತು.

ಇದಾದ ಕೆಲವೇ ದಿನಗಳಲ್ಲಿ, ಏಪ್ರಿಲ್ 8ರಂದು, ಕೇಂದ್ರ ಆರೋಗ್ಯ ಸಚಿವಾಲಯ ಒಂದು ಸಲಹಾ ಪತ್ರ ಹೊರಡಿಸಿತು. ಸೋಂಕಿತರ ಅಥವಾ ಕ್ವಾರಂಟೈನಿನಲ್ಲಿರುವವರ ಹೆಸರನ್ನಾಗಲಿ ಅವರ ಬಡಾವಣೆಯ ಗುರುತನ್ನಾಗಲಿ ಸಾಮಾಜಿಕ ಜಾಲತಾಣದಲ್ಲಿ ಹಂಚಬಾರದು, ಯಾವುದೇ ಸಮುದಾಯಕ್ಕೆ ರೋಗದ ಹಣೆಪಟ್ಟಿ ಹಚ್ಚಬಾರದು ಎಂಬುದು ಅದರ ಸಾರ. ಒಳ್ಳೆಯ ಮಾತು. ಆದರೆ ಆ ಹೊತ್ತಿಗೆ ರಾಜ್ಯ ಸರಕಾರವೇ ಪಟ್ಟಿ ಹಾಕಿಯಾಗಿತ್ತು, ಟಿವಿಯವರು ಒಂದು ಧರ್ಮದ ಹೆಸರನ್ನೇ ರೋಗದ ಹೆಸರಿನಂತೆ ಸಂಜೆಯಿಂದ ರಾತ್ರಿಯವರೆಗೆ ಕೂಗಿಯಾಗಿತ್ತು. ವೈರಾಣುವಿಗೆ ಬೇಕಿರುವುದು ಗಂಟಲು ಮತ್ತು ಶ್ವಾಸಕೋಶ. ಅದರ ಲೆಕ್ಕದ ಪಟ್ಟಿಯಲ್ಲಿ ಜಾತಿ ಧರ್ಮದ ಕಾಲಮಿಗೆ ಕೆಲಸವಿರಲಿಲ್ಲ. ಶರಣರ ಹೆಸರು ಹೇಳುವ ನಮ್ಮವರಲ್ಲೂ ಹಲವರು ಆ ದಿನ ಆ ವಿಡಿಯೋಗಳನ್ನು ಮುಂದಕ್ಕೆ ಕಳಿಸಿದರು ಎಂಬುದನ್ನು ಇಲ್ಲಿ ಹೇಳದೆ ಹೋಗಲಾರೆ.

ಪರಿಣಾಮ ಏನಾಯಿತು? ಏಪ್ರಿಲ್ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ಮನೆ ಮನೆಗೆ ಹೋಗಿ ಆರೋಗ್ಯದ ಮಾಹಿತಿ ಕೇಳುತ್ತಿದ್ದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯಾಯಿತು. ಹಲ್ಲೆ ಮಾಡಿದ್ದು ಖಂಡಿತ ತಪ್ಪು, ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಆದರೆ ಅದರ ಹಿಂದಿದ್ದ ಭಯವನ್ನು ನೋಡಬೇಕು. ಈ ಹೆಸರು, ಈ ಸಂಖ್ಯೆ ನಾಳೆ ಬೇರೆ ಯಾವುದೋ ಪಟ್ಟಿಗೆ ಹೋಗುತ್ತದೆ ಎಂಬ ಸಂಶಯ ಜನರಲ್ಲಿತ್ತು. ಸಂಶಯಕ್ಕೆ ಉತ್ತರವಾಗಿ, ಹೋಗುವುದಿಲ್ಲ, ನೋಡಿ ಇಲ್ಲಿದೆ ಕಾನೂನು ಎಂದು ತೋರಿಸಲು ಆಶಾ ಕಾರ್ಯಕರ್ತೆಯ ಕೈಯಲ್ಲಿ ಏನೂ ಇರಲಿಲ್ಲ. ಅದೇ ತಿಂಗಳು ನಮ್ಮ ಜಿಲ್ಲೆಯಲ್ಲಿ ಕೊರೋನದಿಂದ ತೀರಿಕೊಂಡ ವೃದ್ಧೆಯೊಬ್ಬರ ಶವ ಸಂಸ್ಕಾರಕ್ಕೆ ಮಂಗಳೂರಿನ ಪಚ್ಚನಾಡಿಯಲ್ಲಿ ಜನ ಅಡ್ಡ ನಿಂತರು. ಕೊನೆಗೆ ಬಂಟ್ವಾಳದ ಕಡೆ, ಅಲ್ಲೂ ವಿರೋಧದ ನಡುವೆ, ರಾತ್ರಿ ಸಂಸ್ಕಾರವಾಯಿತು. ಸುದ್ದಿ ವೈದ್ಯರಿಗೆ ತಲುಪುವ ಮೊದಲು ಗುಂಪಿಗೆ ತಲುಪಿದರೆ ಹೀಗಾಗುತ್ತದೆ.

ನಾನಿದ್ದ ವಠಾರದ ಒಂದು ಸಣ್ಣ ಸಂಗತಿ ಹೇಳುತ್ತೇನೆ. 2021ರ ಎರಡನೆಯ ಅಲೆಯಲ್ಲಿ ನನ್ನ ಗಂಟಲು ದ್ರವದ ಪರೀಕ್ಷೆಯ ಫಲಿತಾಂಶ ನನ್ನ ಮೊಬೈಲಿಗೆ ಬರುವ ಮೊದಲೇ ವಠಾರದ ವಾಟ್ಸಾಪ್ ಗುಂಪಿಗೆ ಬಂದಿತ್ತು. ಹಾಲಿನ ಹುಡುಗ ಮರುದಿನದಿಂದ ಗೇಟಿನ ಹೊರಗೆ ಪೊಟ್ಟಣ ಇಟ್ಟು ಓಡತೊಡಗಿದ. ಆಮೇಲೆ ಆರು ತಿಂಗಳು ಆರೋಗ್ಯ ವಿಮೆಯವರ ಫೋನು. ನನಗೆ ರೋಗ ಬಂದುದು ವಿಮೆಯವರಿಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಹಾಗಾದರೆ ಮಾಹಿತಿ ಸಂಗ್ರಹಿಸುವುದೇ ಬೇಡವೇ? ಬೇಕು, ಖಂಡಿತ ಬೇಕು. ನಮ್ಮ ಕಾಡಂಚಿನ ಜನರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದ್ದನ್ನು ಯಾರೂ ತಿಳಿಸದೇ ಇದ್ದಿದ್ದರೆ ಮಂಗನ ಕಾಯಿಲೆ ಎಂಬುದು ಒಂದಿದೆ ಎಂದೇ ತಿಳಿಯುತ್ತಿರಲಿಲ್ಲ. 1980ರ ದಶಕದ ಆರಂಭದಲ್ಲಿ ಅದು ನಮ್ಮ ಬೆಳ್ತಂಗಡಿಗೂ ಬಂತು. ಯಾವ ಊರು, ಯಾವ ಕಾಡಿಗೆ ಸೊಪ್ಪಿಗೆ ಹೋದವರು, ಯಾವಾಗ ಜ್ವರ ಬಂತು, ಇಷ್ಟೂ ಆರೋಗ್ಯ ಇಲಾಖೆಗೆ ತಿಳಿಯಲೇಬೇಕು. ವೈದ್ಯಾಧಿಕಾರಿಗೆ ರೋಗಿಯ ಹೆಸರೂ ಬೇಕು, ಮನೆಯೂ ಬೇಕು, ಜೊತೆಗಿದ್ದವರ ಹೆಸರೂ ಬೇಕು. ಪಂಚಾಯತಿಗೆ ಬೇಕಿರುವುದು ಇಂಥ ವಾರ್ಡಿನಲ್ಲಿ ಇಷ್ಟು ಮನೆಗೆ ರೇಷನ್ ತಲುಪಿಸಬೇಕು ಎಂಬುದು. ಜಿಲ್ಲಾಧಿಕಾರಿಗೆ ಸಂಖ್ಯೆ ಸಾಕು. ಪತ್ರಿಕೆಗೆ ತಾಲೂಕಿನ ಒಟ್ಟು ಸಂಖ್ಯೆ ಸಾಕು. ಪಕ್ಕದ ಮನೆಯವನಿಗೆ ಬೇಕಿರುವುದು ನೀನು ಎಚ್ಚರದಿಂದಿರು, ಪರೀಕ್ಷೆ ಮಾಡಿಸಿಕೋ ಎಂಬ ಸೂಚನೆ. ಒಬ್ಬೊಬ್ಬರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು. ಇದರಲ್ಲಿ ಯಾರೂ ಯಾರ ಕೆಲಸಕ್ಕೂ ಅಡ್ಡಿ ಮಾಡುವುದಿಲ್ಲ.

ಇನ್ನೊಂದು ಉದಾಹರಣೆ ಈ ಭಾಗದ್ದೇ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನಿನಿಂದ ಕೊಕ್ಕಡ, ಪಟ್ರಮೆಯ ಕಡೆ, ಗಡಿಯಾಚೆ ಕಾಸರಗೋಡಿನಲ್ಲಿ ಮಕ್ಕಳು ನರಳಿದರು. ಆ ಕುಟುಂಬಗಳು ತಮ್ಮ ಮಕ್ಕಳ ಚಿತ್ರವನ್ನು ಲೋಕದ ಮುಂದಿಟ್ಟವು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸಲು ಆ ಚಿತ್ರಗಳಿಂದ ಎದ್ದ ಕೂಗೂ ಒಂದು ಕಾರಣ. ಆದ್ದರಿಂದ ಎಲ್ಲವನ್ನೂ ಮುಚ್ಚಿಡಿ ಎಂದು ನಾನು ಹೇಳಿದರೆ ಅದು ಅರೆಬರೆ ಮಾತಾಗುತ್ತದೆ. ಅಲ್ಲಿ ನೋವನ್ನು ಹೊರಗಿಡಬೇಕೆಂದು ತೀರ್ಮಾನಿಸಿದವರು ನೋವುಂಡವರೇ. ಆದರೆ ಆ ಚಿತ್ರಗಳನ್ನು ತೆಗೆಯಲು ಮನೆಯ ಅಂಗಳಕ್ಕೆ ಕೇಳದೆ ಕ್ಯಾಮರಾ ಹಿಡಿದು ಬಂದವರೂ ಇದ್ದರು ಎಂದು ಆ ತಾಯಂದಿರನ್ನು ಮಾತನಾಡಿಸಿದವರು ಹೇಳುತ್ತಾರೆ. ಎರಡಕ್ಕೂ ಇರುವ ಅಂತರವೇ ಖಾಸಗಿತನ ಎಂಬ ಮಾತಿನ ಅರ್ಥ.

ಎಂಜಿನಿಯರನಾಗಿ ಇದನ್ನು ನಾನು ಹೇಗೆ ನೋಡುತ್ತೇನೆ ಎಂದರೆ, ಅಣೆಕಟ್ಟಿನ ಗೇಟಿನಂತೆ. ಪ್ರವಾಹ ಬಂದಾಗ ಗೇಟು ತೆರೆಯಲೇಬೇಕು. ತೆರೆಯದಿದ್ದರೆ ಅಣೆಕಟ್ಟೇ ಹೋಗುತ್ತದೆ. ಆದರೆ ಅಲ್ಲೊಂದು ರಿಜಿಸ್ಟರ್ ಇರುತ್ತದೆ. ಎಷ್ಟು ಗಂಟೆಗೆ ತೆರೆಯಿತು, ಎಷ್ಟು ಇಂಚು, ಯಾರ ಆದೇಶ, ಯಾವಾಗ ಮುಚ್ಚಿತು. ಮುಚ್ಚಿದ ಸಮಯ ಬರೆಯದ ಪುಟವನ್ನು ಮೇಲಧಿಕಾರಿ ಸಹಿ ಮಾಡುವುದಿಲ್ಲ. ಲೋಕೋಪಯೋಗಿಯವರ ಎಂಬಿ ಪುಸ್ತಕವನ್ನು ಕಂಡವರು ಇಲ್ಲಿ ಕೆಲವರಿರಬಹುದು, ಗುತ್ತಿಗೆದಾರರಿಗಂತೂ ಚೆನ್ನಾಗಿ ಗೊತ್ತು. ಅಳತೆ ಬರೆಯುವ ಆ ಪುಸ್ತಕದ ಪ್ರತಿ ಪುಟಕ್ಕೂ ನಂಬರು. ಪುಟ ಹರಿಯುವಂತಿಲ್ಲ. ತಿದ್ದಿದರೆ ತಿದ್ದಿದವನ ಸಹಿ. ಒಂದು ಮೋರಿ ಕಟ್ಟುವುದಕ್ಕೆ ಇಷ್ಟು ಕಟ್ಟುಪಾಡು. ಲಕ್ಷಾಂತರ ಜನರ ರೋಗದ ವಿವರ ಇಟ್ಟುಕೊಳ್ಳುವ ಕಂಪ್ಯೂಟರಿಗೆ ಇದಕ್ಕಿಂತ ಕಡಿಮೆ ಕಟ್ಟುಪಾಡು ಇರಬಹುದೇ? ಇವತ್ತು ಯಾರು ನನ್ನ ವಿವರವನ್ನು ತೆರೆದು ನೋಡಿದರು, ಏಕೆ ನೋಡಿದರು ಎಂದು ಬರೆದಿಡುವುದು ಕಂಪ್ಯೂಟರಿನಲ್ಲಿ ಎಂಬಿ ಪುಸ್ತಕಕ್ಕಿಂತ ಸುಲಭ.

1897ರಲ್ಲಿ ಪ್ಲೇಗಿಗಾಗಿ ಬ್ರಿಟಿಷರು ಮಾಡಿದ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲಿ ಇದ್ದುದು ನಾಲ್ಕೇ ಸೆಕ್ಷನ್. ಸರಕಾರಕ್ಕೆ ಅಧಿಕಾರ ಕೊಡುವುದು, ಪಾಲಿಸದವನಿಗೆ ಶಿಕ್ಷೆ, ಅಧಿಕಾರಿಗೆ ರಕ್ಷಣೆ. ರೋಗಿಯ ಹಕ್ಕಿನ ಬಗ್ಗೆ ಒಂದು ಸಾಲೂ ಇರಲಿಲ್ಲ. 2020ರಲ್ಲಿ ನಾವು ಕೈಗೆತ್ತಿಕೊಂಡದ್ದು ಅದೇ ಕಾಯ್ದೆ. ಆದರೆ ಅಷ್ಟರಲ್ಲಿ ನಮ್ಮ ದೇಶಕ್ಕೆ ಬೇರೊಂದು ಬೆಳಕು ಬಂದಿತ್ತು, ಅದನ್ನು ತಂದವರು ಕನ್ನಡಿಗರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ನಿವೃತ್ತರಾದ ಮೇಲೆ ಏನು ಮಾಡುವುದು ಎಂದು ಕೇಳುವ ನನ್ನ ಗೆಳೆಯರಿಗೆ ನಾನು ಅವರ ಹೆಸರು ಹೇಳುತ್ತಿರುತ್ತೇನೆ. 2024ರ ಅಕ್ಟೋಬರಿನಲ್ಲಿ 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಆ ತೀರ್ಪಿನಲ್ಲಿ ಸಾಂಕ್ರಾಮಿಕ ರೋಗದ ಮಾತೂ ಇದೆ ಎಂಬುದು ಬಹಳ ಜನರಿಗೆ ತಿಳಿಯದು. ಆಸ್ಪತ್ರೆಗೆ ಕೊಟ್ಟ ವಿವರವನ್ನು ಅನುಮತಿ ಇಲ್ಲದೆ ಬೇರೆಯವರಿಗೆ ಕೊಡುವುದು ಖಾಸಗಿತನದ ಉಲ್ಲಂಘನೆ. ಆದರೆ ಮಲೇರಿಯ, ಡೆಂಗಿಯಂಥ ರೋಗ ಹರಡುವಾಗ ವ್ಯಕ್ತಿಯ ಗುರುತನ್ನು ಕಾಪಾಡಿಕೊಂಡು ಸರಕಾರ ಆ ಅಂಕಿಅಂಶವನ್ನು ಅಭ್ಯಸಿಸಬಹುದು ಎಂಬುದು ಅದರ ತಾತ್ಪರ್ಯ. ಖಾಸಗಿತನಕ್ಕೆ ಸರಕಾರ ಕೈ ಹಾಕಬೇಕಾದರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈ ಹಾಕಬೇಕು ಎಂದೂ ಹೇಳಿತು. ಗಂಟೆಗೊಂದು ಸೆಲ್ಫಿಯನ್ನು ಈ ಅಳತೆಗೋಲಿನ ಮೇಲೆ ನೀವೇ ಇಟ್ಟು ನೋಡಿ.

ನಮ್ಮ ಹೈಕೋರ್ಟ್ ಒಂದನ್ನು ಇಟ್ಟು ನೋಡಿತು. 2020ರ ಏಪ್ರಿಲಿನಲ್ಲಿ ಬಂದ ಆರೋಗ್ಯ ಸೇತು ಆ್ಯಪ್ ಮೊದಲು ಸ್ವಇಚ್ಛೆಯದಾಗಿತ್ತು. ಮೇ ತಿಂಗಳ ಮೊದಲ ದಿನವೇ ಎಲ್ಲ ಕಚೇರಿಗಳ ನೌಕರರಿಗೆ ಕಡ್ಡಾಯವಾಯಿತು, ರೈಲು ಹತ್ತಲೂ ಬೇಕೆಂದರು, ಕೆಲವು ದಿನಗಳ ಮೇಲೆ ಸ್ವಲ್ಪ ಸಡಿಲವಾಯಿತು. ಬೆಂಗಳೂರಿನ ಒಬ್ಬರು ಇದನ್ನು ಪ್ರಶ್ನಿಸಿ ಹೋದಾಗ ಕರ್ನಾಟಕ ಹೈಕೋರ್ಟ್ 2020ರ ಅಕ್ಟೋಬರಿನಲ್ಲಿ, ಕಾನೂನಿನ ಬೆಂಬಲವಿಲ್ಲದೆ ಈ ಆ್ಯಪ್ ಇಲ್ಲವೆಂಬ ಕಾರಣಕ್ಕೆ ಯಾರಿಗೂ ಸರಕಾರಿ ಸೇವೆ ನಿರಾಕರಿಸುವಂತಿಲ್ಲ ಎಂದಿತು. 2021ರ ಜನವರಿ 25ರಂದು, ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಬಳಕೆದಾರರ ಆರೋಗ್ಯದ ವಿವರವನ್ನು ಬೇರೆ ಇಲಾಖೆಗಳ ಜೊತೆ ಹಂಚಬಾರದು ಎಂದು ಮಧ್ಯಂತರ ಆದೇಶ ಕೊಟ್ಟಿತು. ಗೇಟನ್ನು ಎಷ್ಟು ಇಂಚು ತೆರೆಯಬಹುದು ಎಂದು ಬರೆದಂತೆ ಆಯಿತು. ಆ ಆ್ಯಪಿನ ಸಂಪರ್ಕ ಪತ್ತೆಯ ವಿವರಗಳನ್ನು ಅಳಿಸಲಾಗಿದೆ ಎಂದು 2023ರಲ್ಲಿ ಕೇಂದ್ರ ಸರಕಾರ ಸಂಸತ್ತಿಗೆ ತಿಳಿಸಿತು. ಅಳಿಸಿದ್ದನ್ನು ಹೊರಗಿನವರು ಬಂದು ಪರೀಕ್ಷಿಸುವ ಪದ್ಧತಿಯೂ ಇದ್ದರೆ ಚೆನ್ನಾಗಿತ್ತು. ಕಾಮಗಾರಿ ಮುಗಿದಿದೆ ಎಂದು ಗುತ್ತಿಗೆದಾರನೇ ಬರೆದುಕೊಟ್ಟರೆ ನಾವು ಬಿಲ್ ಪಾಸ್ ಮಾಡುತ್ತಿರಲಿಲ್ಲವಲ್ಲ.

ನಮ್ಮ ಗಡಿಯಾಚೆ ಕೇರಳದಲ್ಲಿ ಅದೇ ಏಪ್ರಿಲಿನಲ್ಲಿ ದೊಡ್ಡ ಗಲಾಟೆಯಾಯಿತು. ಜನರ ಆರೋಗ್ಯದ ವಿವರಗಳನ್ನು ವಿಶ್ಲೇಷಿಸಲು ಸ್ಪ್ರಿಂಕ್ಲರ್ ಎಂಬ ಅಮೆರಿಕದ ಕಂಪನಿಯ ತಂತ್ರಾಂಶಕ್ಕೆ ಅಲ್ಲಿನ ಸರಕಾರ ಒಪ್ಪಿಸಿತ್ತು. ಏಪ್ರಿಲ್ 24ರಂದು ಕೇರಳ ಹೈಕೋರ್ಟ್, ಮೊದಲು ವ್ಯಕ್ತಿಯ ಗುರುತನ್ನು ತೆಗೆದು ಆಮೇಲೆ ಕೊಡಿ, ಇನ್ನು ಮುಂದೆ ಜನರ ಒಪ್ಪಿಗೆ ಪಡೆದು ಸಂಗ್ರಹಿಸಿ, ಕಂಪನಿ ಅದನ್ನು ವ್ಯಾಪಾರಕ್ಕೆ ಬಳಸಬಾರದು ಎಂದು ಕಟ್ಟು ಹಾಕಿತು. ಮನೆಯ ಬಾಗಿಲಿಗೆ ಹಚ್ಚುತ್ತಿದ್ದ ಚೀಟಿಯ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2020ರ ಡಿಸೆಂಬರಿನಲ್ಲಿ, ಸಮರ್ಥ ಪ್ರಾಧಿಕಾರದ ನಿರ್ದಿಷ್ಟ ಆದೇಶವಿಲ್ಲದೆ ಹಾಗೆ ಹಚ್ಚುವಂತಿಲ್ಲ ಎಂದು ತೀರ್ಮಾನವಾಯಿತು. ಆ ಹೊತ್ತಿಗೆ ಎಷ್ಟೋ ಮನೆಗಳ ಬಾಗಿಲಲ್ಲಿ ಗೋಂದಿನ ಕಲೆ ಒಣಗಿಹೋಗಿತ್ತು.

ಹೊರದೇಶದ ಎರಡು ಸಂಗತಿ ಹೇಳಿ ಈ ಭಾಗ ಮುಗಿಸುತ್ತೇನೆ. 2020ರ ಮೇ ತಿಂಗಳಲ್ಲಿ ದಕ್ಷಿಣ ಕೊರಿಯದ ಸೋಲ್ ನಗರದ ಒಂದು ಬಡಾವಣೆಯ ಕ್ಲಬ್ಬುಗಳಿಂದ ಸೋಂಕು ಹರಡಿತು. ಅಲ್ಲಿ ರೋಗಿಗಳ ಓಡಾಟದ ವಿವರ ಪ್ರಕಟಿಸುವ ಪದ್ಧತಿ ಇತ್ತು. ಆ ಕ್ಲಬ್ಬಿಗೆ ಹೋದವರೆಂದು ಗೊತ್ತಾದರೆ ಅವಮಾನವೆಂದು ಜನ ಪರೀಕ್ಷೆಗೇ ಬರಲಿಲ್ಲ. ನಗರಾಡಳಿತ ಹೆಸರು ಕೇಳುವುದನ್ನು ಬಿಟ್ಟು, ಫೋನ್ ನಂಬರ್ ಮಾತ್ರ ಪಡೆದು ಪರೀಕ್ಷೆ ಮಾಡತೊಡಗಿದಾಗ ಜನ ಸಾಲುಗಟ್ಟಿ ಬಂದರು. ಸಿಂಗಪುರದಲ್ಲಿ ಇದರ ತಿರುವುಮುರುವು. ಸಂಪರ್ಕ ಪತ್ತೆಗೆ ಮಾತ್ರ ಬಳಸುತ್ತೇವೆ ಎಂದು ಸರಕಾರ ಭರವಸೆ ಕೊಟ್ಟು ಆ್ಯಪ್ ಹಾಕಿಸಿತು. 2021ರ ಜನವರಿಯಲ್ಲಿ, ಪೊಲೀಸರೂ ಅದನ್ನು ಕೇಳಿ ಪಡೆಯಬಹುದು ಎಂದು ಸಂಸತ್ತಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ಜನ ಸಿಟ್ಟಾದ ಮೇಲೆ, ಏಳು ಬಗೆಯ ಘೋರ ಅಪರಾಧಗಳಿಗೆ ಮಾತ್ರ ಎಂದು ಕಾನೂನು ಮಾಡಿದರು.

ಈಗ ನಮ್ಮಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023 ಇದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಕೆಲಸ ಮುಗಿದ ಮೇಲೆ ಮಾಹಿತಿ ಅಳಿಸಬೇಕು, ಸೋರಿದರೆ ತಿಳಿಸಬೇಕು, ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ. ಆದರೆ ಏಳನೆಯ ಸೆಕ್ಷನ್ ಓದಿ ನೋಡಿ. ಸಾಂಕ್ರಾಮಿಕ ರೋಗ ಹರಡಿದಾಗ ಚಿಕಿತ್ಸೆ ಅಥವಾ ಆರೋಗ್ಯ ಸೇವೆಗಾಗಿ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು. ಅದು ಇರಬೇಕಾದ್ದೇ, ಪ್ರಜ್ಞೆ ಇಲ್ಲದವನಲ್ಲಿ ಒಪ್ಪಿಗೆ ಕೇಳುತ್ತಾ ಕೂರಲಾಗದು. ನನ್ನ ತಕರಾರು ಬೇರೆ: ಸರಕಾರದ ಯಾವುದೇ ಸಂಸ್ಥೆಯನ್ನು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ಇಡೀ ಕಾಯ್ದೆಯಿಂದಲೇ ಹೊರಗಿಡುವ ಅಧಿಕಾರವೂ ಅದರಲ್ಲಿದೆ. 2023ರ ಜೂನಿನಲ್ಲಿ ಟೆಲಿಗ್ರಾಂನಲ್ಲಿ ಒಂದು ಮೊಬೈಲ್ ನಂಬರ್ ಹಾಕಿದರೆ ಲಸಿಕೆ ಪಡೆದವರ ಹೆಸರು, ಗುರುತಿನ ಚೀಟಿಯ ಸಂಖ್ಯೆ ಹೊರಬರುತ್ತಿತ್ತು. ಕೋವಿನ್ ಜಾಲತಾಣಕ್ಕೆ ನೇರವಾಗಿ ಕನ್ನ ಬಿದ್ದಿಲ್ಲ ಎಂದು ಸರಕಾರ ಹೇಳಿತು. ಕನ್ನ ಹಾಕದೆ ಬಾಗಿಲಿನಿಂದಲೇ ಹೋಗಿದ್ದರೆ ಅದು ಹೆಚ್ಚು ಚಿಂತೆಯ ವಿಷಯವಲ್ಲವೇ? ಎಚ್‌ಐವಿ ಪೀಡಿತರಿಗೆ 2017ರ ಪ್ರತ್ಯೇಕ ಕಾಯ್ದೆ ಕೊಟ್ಟಿರುವ ಗೋಪ್ಯತೆಯ ರಕ್ಷಣೆಯಷ್ಟು ಬಿಗಿಯಾದುದನ್ನು ಎಲ್ಲ ಸಾಂಕ್ರಾಮಿಕ ರೋಗಿಗಳಿಗೂ ಕೇಳುವುದು ನ್ಯಾಯ ಎಂದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಸರಕಾರದ ಬಗ್ಗೆ ಆಯಿತು. ಈ ಸಭೆಯಲ್ಲಿ ಮಠದವರಿದ್ದಾರೆ, ಆದ್ದರಿಂದ ನಮ್ಮ ಮನೆಯ ಮಾತನ್ನೂ ಆಡುತ್ತೇನೆ. ಹೊಸ ಕಾಯ್ದೆ ಕಂಪ್ಯೂಟರಿಗೆ ಸೇರಿದ ಮಾಹಿತಿಗೆ ಮಾತ್ರ. ಮಠದ ಪ್ರಸಾದ ನಿಲಯದ ಕಾಗದದ ರಿಜಿಸ್ಟರಿಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ ನಮ್ಮನ್ನು ಕಾಯಬೇಕಾದುದು ನಮ್ಮ ಸಂಸ್ಕಾರವೇ. ಅನುಭವ ಮಂಟಪದ ಬಾಗಿಲಲ್ಲಿ ಕುಲ ಕೇಳುವ ಪದ್ಧತಿ ಇರಲಿಲ್ಲ ಎಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಬೇಡದ್ದನ್ನು ಕೇಳದಿರುವುದು ಎಂದರೆ ಅದೇ. ಇಂದಿನ ಮಾಹಿತಿ ತಜ್ಞರು ಇದನ್ನೇ ಮೊದಲ ಪಾಠವಾಗಿ ಕಲಿಸುತ್ತಾರೆ: ಕೆಲಸಕ್ಕೆ ಬೇಡದ ಪ್ರಶ್ನೆಯನ್ನು ಫಾರಮಿನಿಂದ ತೆಗೆಯಿರಿ. 2025ರಲ್ಲಿ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ನಡೆದಾಗ ಧರ್ಮದ ಕಾಲಮಿನಲ್ಲಿ ಏನು ಬರೆಸಬೇಕು ಎಂದು ನಮ್ಮವರು ಊರೂರಲ್ಲಿ ಸಭೆ ಮಾಡಿದರು. ಒಳ್ಳೆಯದೇ. ಆದರೆ ಭಾಗವಹಿಸುವುದು ಕಡ್ಡಾಯವಲ್ಲ, ಮಾಹಿತಿ ಗೋಪ್ಯವಾಗಿರಬೇಕು ಎಂದು ಹೈಕೋರ್ಟ್ ಆಗ ಹೇಳಿದ ಮಾತನ್ನು ಆ ಸಭೆಗಳಲ್ಲಿ ಎಷ್ಟು ಜನ ಚರ್ಚಿಸಿದರು?

ಲಾಕ್‌ಡೌನಿನಲ್ಲಿ ನಮ್ಮ ಮಠಗಳು ಮಾಡಿದ ದಾಸೋಹವನ್ನು ಯಾರೂ ಮರೆಯುವಂತಿಲ್ಲ. ಆದರೆ ಅಕ್ಕಿ ಬೇಳೆಯ ಕಿಟ್ ಕೊಡುವಾಗ ತೆಗೆದ ಫೋಟೋಗಳು ಫೇಸ್‌ಬುಕ್ಕಿನಲ್ಲಿ ಇಂದಿಗೂ ಇವೆ. ತಲೆ ಬಗ್ಗಿಸಿ ಕೈ ಚಾಚಿ ನಿಂತ ತಾಯಿಯ ಮುಖ ಸ್ಪಷ್ಟವಾಗಿ ಕಾಣುತ್ತದೆ. ದಾನಕ್ಕೂ ದಾಸೋಹಕ್ಕೂ ವ್ಯತ್ಯಾಸವೇನು ಎಂದು ಪೂಜ್ಯರು ನಮಗೆ ಸಾವಿರ ಸಲ ಹೇಳಿದ್ದಾರೆ. ಕೊಟ್ಟೆನೆಂಬ ಹಮ್ಮು ಕೊಟ್ಟವನಲ್ಲಿ ಇರಬಾರದು, ಪಡೆದವನಿಗೆ ಕೀಳರಿಮೆ ಬರಬಾರದು. ಆ ಫೋಟೋ ಎರಡನ್ನೂ ಉಳಿಸಿಕೊಂಡಿದೆ. ಲೆಕ್ಕಕ್ಕೆ ಫೋಟೋ ಬೇಕು, ದಾನಿಗಳು ಕೇಳುತ್ತಾರೆ ಎನ್ನುತ್ತಾರೆ ಕೆಲವರು. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಬೊಕ್ಕಸ ಬರಿದು ಮಾಡಿದನೆಂದು ದೂರು ಬಂದಾಗ ಲೆಕ್ಕ ಚುಕ್ತಾ ತೋರಿಸಿದರು ಎಂಬ ಐತಿಹ್ಯ ನಮ್ಮಲ್ಲಿದೆ. ಆ ಲೆಕ್ಕ ತೋರಿಸಲು ಅವರು ಉಂಡವರ ಮುಖ ತೋರಿಸಿದರೆಂದು ಯಾವ ಪುರಾಣದಲ್ಲೂ ಕೇಳಿಲ್ಲ. ಅಕ್ಕಿ ಮೂಟೆಯ ಫೋಟೋ ಹಾಕಿ, ಹಂಚಿದ ಕಿಟ್ಟಿನ ಸಂಖ್ಯೆ ಹಾಕಿ. ಸಾಕು.

ಪ್ರಸಾದ ನಿಲಯದಲ್ಲಿ ಒಬ್ಬ ಹುಡುಗನಿಗೆ ಡೆಂಗಿಯೋ ಕಾಮಾಲೆಯೋ ಬಂದರೆ ಏನು ಮಾಡಬೇಕು ಎಂಬುದಕ್ಕೆ ಒಂದು ಪುಟದ ಮಾದರಿಯನ್ನು ನಾನು ಬರೆದಿದ್ದೇನೆ. ವಾರ್ಡನ್ನರು ತಿಳಿಸಬೇಕಾದುದು ತಂದೆ ತಾಯಿಗೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಶಾಲೆಗೆ ಹೇಳಬೇಕಾದುದು ಹುಡುಗ ಇಷ್ಟು ದಿನ ಬರುವುದಿಲ್ಲ ಎಂದು ಮಾತ್ರ. ಪೋಷಕರ ವಾಟ್ಸಾಪ್ ಗುಂಪಿಗೆ ನೀರು ಕುದಿಸಿ ಕುಡಿಯಿರಿ, ಸೊಳ್ಳೆ ಪರದೆ ಕಟ್ಟಿ ಎಂಬ ಸೂಚನೆ ಹೋಗಲಿ, ಹುಡುಗನ ಹೆಸರು, ತರಗತಿ, ಊರು ಬೇಡ. ತರಗತಿ ಮತ್ತು ಊರು ಸೇರಿದರೆ ಹೆಸರೇ ಆಯಿತು ಎಂದು ಮೊದಲೇ ಹೇಳಿದೆನಲ್ಲ. ವಿವರ ಬರೆದ ಪುಸ್ತಕ ಕಪಾಟಿನಲ್ಲಿ, ಬೀಗದ ಕೈ ಒಬ್ಬರ ಹತ್ತಿರ, ತೆಗೆದು ನೋಡಿದವರ ಸಹಿ ಕೊನೆಯ ಕಾಲಮಿನಲ್ಲಿ. ಶೈಕ್ಷಣಿಕ ವರ್ಷ ಮುಗಿದ ಮೇಲೆ ಆ ಪುಟಗಳನ್ನು ಇಬ್ಬರ ಎದುರು ಸುಟ್ಟು, ಸುಟ್ಟ ದಿನಾಂಕ ಬರೆದಿಡುವುದು. ಐದು ಕಾಲಮು, ಅಷ್ಟೆ. ಪ್ರತಿಗಳನ್ನು ಸಂಘಟಕರ ಕೈಗೆ ಕೊಟ್ಟಿದ್ದೇನೆ. ಬೇರೆ ಊರಿನ ಮಠಗಳಿಗೂ ಶಾಲೆಗಳಿಗೂ ಬೇಕಾದರೆ ಅವರಲ್ಲಿ ಕೇಳಿ ಪಡೆಯಬಹುದು. ನಿಮ್ಮ ಅನುಕೂಲಕ್ಕೆ ತಕ್ಕಂತೆ ಕಾಲಮು ಕಡಿಮೆ ಮಾಡಿಕೊಳ್ಳಿ, ದಯವಿಟ್ಟು ಹೆಚ್ಚು ಮಾಡಬೇಡಿ.